ಖಾಲಿ ಗಾಡಿಯ ನಡುಕ

ನಮ್ಮ ಗದಗಿನ ಕಡೆಯದೇ ಒಂದು ಊರು. ಅಲ್ಲೊಬ್ಬ ಉಳ್ಳವ ಇದ್ದ. ಗುರುಶಾಂತಪ್ಪ ಅಂತ ಕರೆಯೋಣ. ಹೆಸರು ಯಾವುದಾದರೇನು, ನೀವೆಲ್ಲ ನೋಡಿದ ಮನುಷ್ಯನೇ. ಊರ ಹೊರಗೆ ಸಿಮೆಂಟ್ ಇಟ್ಟಿಗೆ ಮಾಡಿಸಿ ಮಾರುತ್ತಿದ್ದ. ಕೆಟ್ಟವನಲ್ಲ, ನೋಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವರ ಕಥೆ ಹೇಳಿದರೆ ನೀವು ಆರಾಮವಾಗಿ ಕೂತು ಕೇಳುತ್ತೀರಿ. ಅದು ನಮ್ಮ ಕಥೆ ಅಲ್ಲ ಎಂಬ ಧೈರ್ಯ ಇರುತ್ತದೆ. ಇವನು ದಿನಾ ಪೂಜೆ ಮಾಡಿಕೊಂಡು ಹೊರಗೆ ಬರುವವನು, ಹಬ್ಬಕ್ಕೆ ಆಳುಗಳಿಗೆ ಬಟ್ಟೆ ಕೊಡುವವನು, ಮಠದ ದಾಸೋಹಕ್ಕೆ ವರ್ಷವರ್ಷ ಜೋಳ ಕಳಿಸುವವನು. ನಿಮ್ಮ ಹಾಗೆ, ನನ್ನ ಹಾಗೆ.

ಅವನ ಹತ್ತಿರ ದಾವಲಸಾಬ ಎಂಬ ಡ್ರೈವರ್ ಇದ್ದ. ವಯಸ್ಸು ಐವತ್ತು ದಾಟಿತ್ತು. ಮೂವತ್ತು ವರ್ಷ ಲಾರಿ, ಟೆಂಪೊ ಓಡಿಸಿದ ಮನುಷ್ಯ. ಅವನ ಕೈ ಎಷ್ಟು ಮೆತ್ತಗೆ ಅಂದರೆ, ಊರಿನವರು ಬಾಣಂತಿಯನ್ನು ಆಸ್ಪತ್ರೆಯಿಂದ ಮನೆಗೆ ತರಬೇಕಾದರೆ ಯಾರದಾದರೂ ಗಾಡಿ ಹಿಡಿದು, "ದಾವಲಸಾಬನ್ನ ಕರಸ್ರಿ" ಅನ್ನುತ್ತಿದ್ದರು. ಅವನಿಗೆ ಹೊಲ ಇಲ್ಲ, ಓದಿಲ್ಲ. ಊರಲ್ಲಿ ತಲೆ ಎತ್ತಿ ನಡೆಯಲು ಅವನಿಗಿದ್ದದ್ದು ಆ ಒಂದು ಹೆಸರು.

ಗುರುಶಾಂತಪ್ಪ ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ಗಾಡಿ ತಂದ. ಕೊಳ್ಳುವ ಮೊದಲು ದಾವಲಸಾಬನೇ ಓಡಿಸಿ ನೋಡಿ, "ಗಾಡಿ ಚಲೋ ಐತ್ರಿ ಸಾವ್ಕಾರ್ರ" ಅಂದಿದ್ದ. ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಸಾವುಕಾರನಿಗೆ ಒಂದು ಆಸೆ ಬಂತು. ಒಂದೇ ಟ್ರಿಪ್ಪಿಗೆ ಇನ್ನಷ್ಟು ಇಟ್ಟಿಗೆ ಹೋದರೆ ಒಳ್ಳೆಯದಲ್ಲವೇ? ದಾವಲಸಾಬ ಬೀಗರ ಮದುವೆಗೆ ಹೋಗಿದ್ದ ದಿನ, ಹೆದ್ದಾರಿಯ ಬದಿಯ ಶೆಡ್ಡಿನಲ್ಲಿ ಹಿಂದಿನ ಚಕ್ರಗಳ ಮೇಲಿನ ಸ್ಪ್ರಿಂಗಿಗೆ ಎರಡೆರಡು ಉಕ್ಕಿನ ಪಟ್ಟಿ ಹೆಚ್ಚಿಗೆ ಹಾಕಿಸಿದ. ಗಾಡಿಯ ಹಿಂಭಾಗ ನಾಲ್ಕು ಬೆರಳು ಮೇಲೆದ್ದಿತು. ನೋಡಲಿಕ್ಕೂ ಚೆಂದ ಅನ್ನಿಸಿತು. ಮನೆಗೆ ಬಂದ, ಉಂಡ, ಆ ವಿಷಯ ಮರೆತ.

ನಾವು ಮಾಡಿದ್ದನ್ನು ನಾವು ಎಷ್ಟು ಬೇಗ ಮರೆಯುತ್ತೇವೆ, ನೋಡಿ.

ಮೂರನೆಯ ದಿನ ದಾವಲಸಾಬ ಬಂದು ನಿಂತ.

"ಸಾವ್ಕಾರ್ರ, ಗಾಡಿ ನಡಗಾಕತ್ತೈತ್ರಿ. ನಿಂತಲ್ಲಿಂದ ಎತ್ತೂಮುಂದ ಗೇರ್ ಬಾಕ್ಸಿನ ಕಡೆಯಿಂದ ಗಡಗಡ ಅಂತೈತಿ. ಅದೂ ಖಾಲಿ ಇದ್ದಾಗಷ್ಟ. ಇಟ್ಟಂಗಿ ತುಂಬಿದಾಗ ಏನೂ ಇಲ್ಲ."

ಗುರುಶಾಂತಪ್ಪ ನಕ್ಕ. "ಭಾರ ಹೊತ್ತಾಗ ಸುಮ್ಮನಿರತೈತಿ, ಖಾಲಿ ಇದ್ದಾಗ ನಡಗತೈತಿ? ಇದೆಂಥಾ ಮಾತೋ ದಾವಲಸಾಬ."

"ನನಗೂ ತಿಳೀವಲ್ದ್ರಿ. ಆದರ ಇದ್ದದ್ದ ಹಂಗ ಐತಿ."

ಮರುದಿನ ಬೆಳಿಗ್ಗೆ ಇಟ್ಟಿಗೆ ತುಂಬಿ ನಿಂತಿದ್ದ ಗಾಡಿಯನ್ನು ಗುರುಶಾಂತಪ್ಪ ತಾನೇ ಏರಿ ಅಂಗಳದಲ್ಲಿ ಎರಡು ಸುತ್ತು ಓಡಿಸಿದ. ಬೆಣ್ಣೆಯ ಹಾಗೆ ಹೋಯಿತು. ಸಂಜೆ ಖಾಲಿ ಗಾಡಿಯನ್ನು ದಾವಲಸಾಬ ಓಡಿಸಿಕೊಂಡು ಬರುವಾಗ ಪಕ್ಕದಲ್ಲಿ ಕೂತು ನೋಡಿದ. ಮೊದಲನೇ ಗೇರಿನಲ್ಲಿ ಗಾಡಿ ಹೊರಡಿಸಿದ ಕೂಡಲೇ ಆಸನದ ಕೆಳಗೆ ಯಾರೋ ಹಿಡಿದು ಅಲುಗಾಡಿಸಿದಂತೆ ನಡುಗಿತು. ಗುರುಶಾಂತಪ್ಪನಿಗೆ ತೀರ್ಪು ಸಿಕ್ಕಿಬಿಟ್ಟಿತು. ನಾನು ಓಡಿಸಿದರೆ ನಡುಗುವುದಿಲ್ಲ, ಇವನು ಓಡಿಸಿದರೆ ನಡುಗುತ್ತದೆ. ಅಂದ ಮೇಲೆ ತಪ್ಪು ಯಾರದು?

ನೀವಾದರೂ ಹಾಗೇ ಅನ್ನುತ್ತಿದ್ದಿರಿ. ಕಣ್ಣಾರೆ ಕಂಡಿದ್ದೇನೆ ಅನ್ನುತ್ತಿದ್ದಿರಿ. ಕಂಡದ್ದು ಸುಳ್ಳಲ್ಲ. ಆದರೆ ತುಂಬಿದ ಗಾಡಿ ತಾನು ಓಡಿಸಿದ್ದು, ಖಾಲಿ ಗಾಡಿ ಅವನು ಓಡಿಸಿದ್ದು ಎಂಬುದು ಅವನ ತಲೆಗೆ ಬರಲೇ ಇಲ್ಲ. ಆ ಬಡವ ಅದನ್ನೇ ಬಾಯಿಬಿಟ್ಟು ಹೇಳಿದ್ದನಲ್ಲ? ಹೇಳಿದ್ದ. ಕಿವಿಗೆ ಬಿದ್ದಿತ್ತು, ಅಷ್ಟೇ.

ಗಾಡಿಯನ್ನು ಊರ ಗ್ಯಾರೇಜಿಗೆ ಒಯ್ದ. ಮೆಕ್ಯಾನಿಕ್ ಏನಾಗಿದೆ ಎಂದು ಕೇಳುವ ಮೊದಲೇ, "ನಮ್ಮ ಡ್ರೈವರ್ ಕ್ಲಚ್ಚಿನ ಮ್ಯಾಲ ಕಾಲ ಇಟ್ಟಕೊಂಡ ಓಡಸ್ತಾನ" ಅಂದ. ರೋಗಿ ತಾನೇ ರೋಗದ ಹೆಸರು ಹೇಳಿದರೆ ವೈದ್ಯ ಇನ್ನೇನು ನಾಡಿ ಹಿಡಿದಾನು? ಅವನು ಕ್ಲಚ್ ಪ್ಲೇಟ್ ಬಿಚ್ಚಿದ. ಹಳೆಯ ಗಾಡಿ, ಪ್ಲೇಟ್ ಸವೆದಿತ್ತು. ಸವೆದದ್ದೇ ಗುರುಶಾಂತಪ್ಪನಿಗೆ ಸಾಕ್ಷಿಯಾಯಿತು. ಹೊಸದು ಹಾಕಿಸಿದ. ಗಾಡಿ ನಡುಗಿತು. ಗೇರ್ ಬಾಕ್ಸ್ ಇಳಿಸಿ ಬಿಚ್ಚಿ ನೋಡಿಸಿದ. ಆಗಲೂ ನಡುಗಿತು.

ಆ ಸಿಟ್ಟಿನಲ್ಲಿ ಬಂದವನು ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ನಿಂತ. ಎಂಟು ಹತ್ತು ಜನ ಇದ್ದರು. ದಾವಲಸಾಬನೂ ಗ್ಲಾಸು ಹಿಡಿದು ನಿಂತಿದ್ದ. ಗುರುಶಾಂತಪ್ಪ ಅವನ ಕಡೆ ತಿರುಗಲಿಲ್ಲ, ಜನರ ಕಡೆ ತಿರುಗಿ ಹೇಳಿದ: "ಮೂವತ್ತು ವರ್ಷದ ಡ್ರೈವರ್ ಅಂತ ನಂಬಿದ್ನಿ. ಕಾಲಾಗ ಏನೂ ಉಳದಿಲ್ಲ. ಗೇರ್ ಬಾಕ್ಸ್ ತಿಂದ ಬಿಟ್ಟ."

ದಾವಲಸಾಬ ಗ್ಲಾಸು ಇಟ್ಟ. ಜೇಬಿನಿಂದ ಕೀಲಿ ತೆಗೆದು ಬೆಂಚಿನ ಮೇಲೆ ಇಟ್ಟ. "ಹಂಗಾದರ ಬ್ಯಾಡ ಬಿಡ್ರಿ" ಅಂದು ನಡೆದುಹೋದ.

ಒಂದು ಮಾತು. ಆಡಿದ್ದು ಅರ್ಧ ನಿಮಿಷ. ಅದು ಮೂರು ದಿನದಲ್ಲಿ ಊರು ತಿರುಗಿತು. ಒಂದು ಶಾಲೆಯ ವ್ಯಾನಿಗೆ ಡ್ರೈವರ್ ಬೇಕಿತ್ತು. ದಾವಲಸಾಬ ಹೋಗಿ ಕೇಳಿದ. "ಮಕ್ಕಳ ಗಾಡಿ ಐತೋ ಮಾರಾಯ, ತಪ್ಪು ತಿಳೀಬ್ಯಾಡ" ಅಂದರು. ಗೊಬ್ಬರದಂಗಡಿಯವನು ಮುಂದಿನ ತಿಂಗಳು ನೋಡೋಣ ಅಂದ. ಬಾಣಂತಿಯರನ್ನು ಬೇರೆಯವರು ಕರೆತಂದರು. ಕೊನೆಗೆ ಹಿಟ್ಟಿನ ಗಿರಣಿಯಲ್ಲಿ ಜೋಳ ಸುರುವುವ ಕೆಲಸಕ್ಕೆ ನಿಂತ.

ಇತ್ತ ಗಾಡಿಯ ನಡುಕ ನಿಂತಿತೇ? ನಿಲ್ಲಲಿಲ್ಲ. ಹೊಸ ಡ್ರೈವರ್ ಬಂದ, ಅವನ ಕೈಯಲ್ಲೂ ನಡುಗಿತು. ಅವನನ್ನು ಬಿಡಿಸಿ ಇನ್ನೊಬ್ಬನನ್ನು ತಂದ. "ಈಗಿನವರೆಲ್ಲಾ ಕ್ಲಚ್ಚಿನ ಮ್ಯಾಲ ಕಾಲ ಇಟ್ಟ ಓಡಸಾವ್ರ" ಅಂದ ಗುರುಶಾಂತಪ್ಪ. ಮೂವರು ಡ್ರೈವರ್ ಬದಲಾದರೂ ತಪ್ಪು ಡ್ರೈವರನದೇ ಅನ್ನುವವನಿಗೆ ಏನು ಹೇಳೋಣ? ನಗಬೇಡಿ. ಮನೆಯಲ್ಲಿ ಮೂವರು ಸೊಸೆಯರಿದ್ದು, ಮೂವರೂ ಸರಿಯಿಲ್ಲ ಅನ್ನುವವರು ಈ ಸಭೆಯಲ್ಲೂ ಇದ್ದೀರಿ.

ವರ್ಷ ದಾಟಿತು. ಒಂದು ಮಧ್ಯಾಹ್ನ ಇಟ್ಟಿಗೆ ಇಳಿಸಿ ಖಾಲಿ ಬರುವಾಗ ಪರವೂರಿನ ರಸ್ತೆಯಲ್ಲಿ ಗಾಡಿಯ ಕೆಳಗೆ ಏನೋ ಮುರಿದು ನಿಂತುಬಿಟ್ಟಿತು. ಅಂದು ಗುರುಶಾಂತಪ್ಪನೇ ಓಡಿಸುತ್ತಿದ್ದ. ಹತ್ತಿರದಲ್ಲಿ ಮೋನಪ್ಪ ಬಡಿಗೇರ ಎಂಬ, ಗಾಡಿ ರಿಪೇರಿಯ ಹಿರಿಯ ಮಿಸ್ತ್ರಿಯ ಶೆಡ್ ಇತ್ತು. ಗಾಡಿಯನ್ನು ಎಳೆಸಿ ಅಲ್ಲಿಗೆ ತಂದರು. ಗುರುಶಾಂತಪ್ಪ ಎಂದಿನಂತೆ ಡ್ರೈವರುಗಳ ಪುರಾಣ ಶುರು ಮಾಡಿದ. ಮೋನಪ್ಪ ಕೈ ಎತ್ತಿ ತಡೆದ.

"ಡ್ರೈವರ್ ಮಾತ ಬ್ಯಾಡ್ರಿ. ಗಾಡಿ ಮಾತ ಹೇಳ್ರಿ. ನಡುಕ ಯಾವಾಗ ಬರತೈತಿ, ತುಂಬಿದಾಗೋ, ಖಾಲಿ ಇದ್ದಾಗೋ?"

ಗುರುಶಾಂತಪ್ಪ ಅಂದ: "ಖಾಲಿ ಇದ್ದಾಗ."

"ಅದು ಸುರು ಆಗೂಕಿಂತ ಮೊದಲ ಗಾಡಿಗೆ ಏನ ಮಾಡಿಸಿದ್ರಿ?"

"ನಾ ಏನೂ ಮಾಡಿಸಿಲ್ಲ."

ಮೋನಪ್ಪ ಕೆಳಗೆ ಮಲಗಿ ಒಳಗೆ ಸರಿದ. ಅಲ್ಲಿಂದಲೇ ಕೇಳಿದ: "ಹಿಂದಿನ ಸ್ಪ್ರಿಂಗಿಗೆ ಈ ಪಟ್ಟಿ ಯಾರ ಹಾಕಿಸ್ಯಾರ?"

ಗುರುಶಾಂತಪ್ಪನಿಗೆ ಹೆದ್ದಾರಿಯ ಶೆಡ್ಡು ಆಗ ನೆನಪಿಗೆ ಬಂತು. "ನಾನ."

ಮೋನಪ್ಪ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ತಿಳಿಸಿ ಹೇಳಿದ. ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಒಂದು ಉದ್ದನೆಯ ಶಾಫ್ಟ್ ಹೋಗುತ್ತದೆ. ಹಿಂಭಾಗ ಎತ್ತರ ಆದ ಮೇಲೆ ಆ ಶಾಫ್ಟು ಓರೆಯಾಗಿ ತಿರುಗುತ್ತದೆ, ಅದರ ಕೀಲುಗಳು ತಿಣುಕಾಡುತ್ತವೆ, ಇಡೀ ಗಾಡಿ ನಡುಗುತ್ತದೆ. ಇಟ್ಟಿಗೆ ತುಂಬಿದರೆ ಹಿಂಭಾಗ ತಗ್ಗಿ ಶಾಫ್ಟು ಸರಿಯಾದ ಸಾಲಿಗೆ ಬರುತ್ತದೆ, ನಡುಕ ಇಲ್ಲ. ಈಗ ಮುರಿದದ್ದೂ ಅದೇ ಕೀಲು. ಹೆಚ್ಚಿನ ಪಟ್ಟಿ ತೆಗೆದ, ಹೊಸ ಕೀಲು ಕೂರಿಸಿದ. ಸಂಜೆಯ ಮುಂಚೆ ಖಾಲಿ ಗಾಡಿಯನ್ನು ರಸ್ತೆಗೆ ತಂದರು. ನಡುಗಲಿಲ್ಲ.

"ಖಾಲಿ ಇದ್ದಾಗಷ್ಟ ನಡಗತೈತಿ ಅಂತ ನಿಮಗ ನೀವ ಕಂಡಕೊಂಡ್ರೇನು?" ಮೋನಪ್ಪ ಕೇಳಿದ.

"ಇಲ್ಲ. ಒಬ್ಬ ಹೇಳಿದ್ದ."

"ಆಂವಗ ಗಾಡಿ ಗೊತ್ತೈತಿ. ಅರ್ಧ ರಿಪೇರಿ ಆಂವನ ಮಾಡಿ ಕೊಟ್ಟಿದ್ದ ನಿಮಗ."

ಮರುದಿನ ಬೆಳಗಾದ ಮೇಲೆ ಗುರುಶಾಂತಪ್ಪ ಅದೇ ಗಾಡಿ ತೆಗೆದುಕೊಂಡು ಗಿರಣಿಗೆ ಹೋದ. ಒಳಗೆ ಡಬ್ಬಿ ಇಟ್ಟುಕೊಂಡ ಹೆಂಗಸರ ಸಾಲಿತ್ತು. ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡ ದಾವಲಸಾಬನನ್ನು ಅವನಿಗೆ ಕೂಡಲೇ ಗುರುತು ಹಿಡಿಯಲಾಗಲಿಲ್ಲ. ಹೊರಗೆ ಕರೆದ. ಬೈದದ್ದು ಹತ್ತು ಜನರೆದುರು. ಕ್ಷಮೆ ಕೇಳಲಿಕ್ಕೆ ಮಾತ್ರ ಹೊರಗೆ ಕರೆದ. ಇದನ್ನೂ ಗಮನಿಸಿ.

"ತಪ್ಪು ನಂದು ದಾವಲಸಾಬ. ನಾ ಹಾಕಿಸಿದ ಪಟ್ಟಿಯಿಂದ ಆಗಿತ್ತು. ನಿನ್ನ ಕಾಲಿಂದಲ್ಲ."

ದಾವಲಸಾಬ ಗಾಡಿಯ ಕಡೆ ನೋಡಿದ. "ಈಗ ನಿಂತತೇನ್ರಿ ನಡುಕ?"

"ನಿಂತೈತಿ."

"ಚಲೋ ಆತು ಬಿಡ್ರಿ. ಗಾಡಿ ಚಲೋ ಇತ್ತು ಅದು."

ಮನುಷ್ಯ ಮೊದಲು ಕೇಳಿದ್ದು ಗಾಡಿಯ ಯೋಗಕ್ಷೇಮ. ಗುರುಶಾಂತಪ್ಪ ಕೀಲಿ ಮುಂದೆ ಹಿಡಿದು ಹೇಳಿದ: "ನಾಳೆಯಿಂದ ಬಾ. ನಿನ್ನ ಗಾಡಿ ನೀನ ಓಡಸು."

ದಾವಲಸಾಬ ಕೀಲಿ ಇಸಿದುಕೊಂಡು, ಬಾಗಿಲು ತೆಗೆದು ಏರಿ ಕೂತ. ಸ್ಟಿಯರಿಂಗ್ ಹಿಡಿದ. ಎಡಗಾಲಿನಿಂದ ಕ್ಲಚ್ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಕೀಲಿ ತಿರುಗಿಸಲಿಲ್ಲ. ಬಹಳ ಹೊತ್ತು ಕೂತು ಕೆಳಗೆ ಇಳಿದ.

"ಆಗೂದಿಲ್ರಿ ಸಾವ್ಕಾರ್ರ. ನೀವು ಅಂದ ಮ್ಯಾಲ ನಾನೂ ಭಾಳ ವಿಚಾರ ಮಾಡಿದ್ನಿ. ಅಷ್ಟ ಮಂದಿ ಅಂತಾರ ಅಂದ ಮ್ಯಾಲ ಖರೇನ ಇರಬೇಕು ಅನಸ್ತು. ನನ್ನ ಕಾಲ ಹೋಗೈತಿ ಅಂತ ನಾನೂ ನಂಬಿಬಿಟ್ನಿ. ಈಗ ಅಲ್ಲಂತ ನೀವು ಹೇಳಿದ್ರಿ, ಸಂತೋಷ ಆತು. ಆದರ ಒಳಗ ಧೈರ್ಯ ಬರವಲ್ದು. ನಾಳೆ ಯಾರರ ಮನಿ ಬಾಣಂತಿನ ಹಿಂದ ಕುಂದರಿಸಿಕೊಂಡ ಗಾಡಿ ಹೆಂಗ ಓಡಸ್ಲಿ?"

ಕೀಲಿಯನ್ನು ಗುರುಶಾಂತಪ್ಪನ ಅಂಗೈಯಲ್ಲಿಟ್ಟು, "ಮಂದಿ ನಿಂತಾರ್ರಿ ಒಳಗ" ಅಂದು ಗಿರಣಿಗೆ ಹೋದ.

ಗುರುಶಾಂತಪ್ಪ ನೇರ ಚಹಾದಂಗಡಿಗೆ ಬಂದು ಇದ್ದವರೆದುರು ನಡೆದದ್ದೆಲ್ಲ ಹೇಳಿದ. ಒಬ್ಬ, "ಹೌದೇನು?" ಅಂದ. ಒಬ್ಬ ಪೇಪರ್ ಮಡಚಲಿಲ್ಲ. ಇನ್ನೊಬ್ಬ, "ಯಾವ ದಾವಲಸಾಬ?" ಅಂದ. ಮರುದಿನವೂ ಹೇಳಿದ, ಶಾಲೆಯವರಿಗೂ ಹೋಗಿ ಹೇಳಿದ. ಮೊದಲಿನ ಮಾತನ್ನು ಊರ ತುಂಬ ಹೊತ್ತು ತಿರುಗಿದ ಜನ ಎರಡನೆಯ ಮಾತನ್ನು ಎತ್ತಿಕೊಳ್ಳಲೇ ಇಲ್ಲ. ದಾವಲಸಾಬ ಮತ್ತೆ ಗಾಡಿ ಏರಲಿಲ್ಲ. ಕಥೆ ಇಷ್ಟೇ. ಇದಕ್ಕಿಂತ ಒಳ್ಳೆಯ ಕೊನೆ ಕೊಡೋಣ ಅಂದರೆ ನನ್ನ ಬಳಿ ಇಲ್ಲ.

ಈಗ ಹೇಳಿ, ಗುರುಶಾಂತಪ್ಪ ಯಾರು? ಅಲ್ಲಿ ಇಲ್ಲಿ ನೋಡಬೇಡಿ. ಸಾರಿಗೆ ಉಪ್ಪು ಹೆಚ್ಚಾದಾಗ ಸೊಸೆಯ ಕೈ ಸರಿಯಿಲ್ಲ ಅಂದವರು ನೀವು. ಸೊಸೆ ಒಮ್ಮೆ ಹಾಕಿ ಹೋದ ಮೇಲೆ ನೀವೇ ಇನ್ನೊಂದು ಚಿಟಿಕೆ ಹಾಕಿರಲಿಲ್ಲವೇ? ಮಗನ ಓದು ಕೆಟ್ಟಿತೆಂದು ಮೇಷ್ಟ್ರನ್ನು ಬೈದವರು ನೀವು. ಮನೆಯಲ್ಲಿ ದಿನಾ ನಡೆಯುವ ಗಂಡಹೆಂಡಿರ ಜಗಳ ಆಡಿದ್ದು ಯಾರು? ಮನೆಯಲ್ಲಿ, ಅಂಗಡಿಯಲ್ಲಿ ಏನಾದರೂ ನಡುಗತೊಡಗಿದರೆ, ಇವತ್ತಿನಿಂದ, ಯಾರು ಕೆಡಿಸಿದರು ಎಂದು ಕೇಳಬೇಡಿ. ಇದಕ್ಕೆ ಮೊದಲು ನಾನೇನು ಮಾಡಿದ್ದೆ ಎಂದು ಕೇಳಿಕೊಳ್ಳಿ. ನಾನೇನೂ ಮಾಡಿಲ್ಲ ಅನ್ನುವ ಉತ್ತರ ಬಂದರೆ ಇನ್ನೊಮ್ಮೆ ಕೇಳಿಕೊಳ್ಳಿ. ಕೈಕೆಳಗಿನವರು ಬಂದು ಏನೋ ವಿಚಿತ್ರ ಹೇಳಿದರೆ ನಗಬೇಡಿ. ದಿನಾ ಅದನ್ನು ಹಿಡಿದವರು ಅವರು.

ಈಗಾಗಲೇ ಆಡಿಬಿಟ್ಟ ಮಾತು ಒಂದಾದರೂ ನಿಮ್ಮ ನೆನಪಿಗೆ ಬಂದಿರಬೇಕು. ಕೆಲವರು ತಲೆ ತಗ್ಗಿಸಿದ್ದು ನನಗೆ ಕಾಣುತ್ತಿದೆ. ವರ್ಷ ಕಾಯಬೇಡಿ. ಹತ್ತು ಜನರೆದುರು ಆಡಿದ್ದರೆ ಆ ಹತ್ತು ಜನರನ್ನೇ ಹುಡುಕಿ ಹೇಳಿ, ಸಂದಿಗೆ ಕರೆದು ಹೇಳಬೇಡಿ. "ಆದರೆ" ಅಂತ ಒಂದು ಬಾಲ ಸೇರಿಸಬೇಡಿ. ಪ್ರಸಾದಕ್ಕೆ ಏಳುವ ಮೊದಲು, ಆ ಮಾತು ಯಾರ ಮೇಲೆ ಆಡಿದಿರೋ ಅವರ ಹೆಸರನ್ನು ಒಮ್ಮೆ ಮನಸ್ಸಿನಲ್ಲಿ ಹೇಳಿಕೊಳ್ಳಿ, ಅವರ ಮನೆ ಇಲ್ಲಿಂದ ಎಷ್ಟು ದೂರ ಎಂದು ಯೋಚಿಸಿ. ಅವರು ನಿಮ್ಮ ಮಾತನ್ನು ಪೂರ್ತಿ ನಂಬಿಬಿಡುವ ಮೊದಲು ಅವರ ಬಾಗಿಲಿಗೆ ಹೋಗಿ ನಿಲ್ಲಿ.