ಬಂಡೆಯ ಮೇಲಿನ ಒರಳುಗಳು

ಸಭೆಯ ಅಧ್ಯಕ್ಷರೇ, ನಮ್ಮ ಲಾ ಕಾಲೇಜಿನ ಪ್ರಾಂಶುಪಾಲರೇ, ನಮ್ಮೂರಿನ ಕೇಸು ನಡೆಸಿದ ವಕೀಲರೇ, ಮೆತ್ತನೆಯ ಕುರ್ಚಿ ಬೇಡವೆಂದು ಮೆಟ್ಟಿಲ ಮೇಲೆ ಕೂತಿರುವ ನನ್ನ ಅಜ್ಜಿಯೇ, ಸಭಿಕರೇ,

ಸನ್ಮಾನ ಸ್ವೀಕರಿಸಲಿರುವ ಅಜ್ಜಿಯನ್ನು ಪರಿಚಯಿಸಲು ಫಸ್ಟ್ ಇಯರ್‌ನ ನನ್ನನ್ನು ನಿಲ್ಲಿಸಿದ್ದಾರೆ. ಮೈಕು ಕಿರುಚುತ್ತಿದೆ. ಸೌಂಡ್ ಸಿಸ್ಟಮ್‌ನವರನ್ನು ಬೈಯಬೇಡಿ, ಅದನ್ನು ಬಾಯಿಗೊತ್ತಿ ಹಿಡಿದದ್ದು ನಾನೇ.

ಕಾಡು ರಕ್ಷಿತ ಅರಣ್ಯವಾಗಿದೆ, ಜಾಗ ಖಾಲಿ ಮಾಡಿ ಎಂದು ನಮ್ಮೂರಿಗೆ ನೋಟಿಸ್ ಬಂದಿತ್ತು. ಬಂದ ಕೂಡಲೇ ಹೊರಡಬೇಕೇ? ಬೇಕಿಲ್ಲ. ತಲೆಮಾರುಗಳಿಂದ ಅಲ್ಲೇ ಇದ್ದೇವೆಂಬ ನಮ್ಮ ಹಕ್ಕಿನ ಅರ್ಜಿ ತೀರ್ಮಾನವಾಗುವವರೆಗೆ ಒಬ್ಬರನ್ನೂ ಎಬ್ಬಿಸುವಂತಿಲ್ಲ. ತೀರ್ಮಾನಿಸುವವರು ನಮ್ಮ ಅಂಗಳಕ್ಕೇ ಬಂದು ನೋಡಬೇಕು, ಕೇಳಬೇಕು. ಕಾಗದವೇ ಬೇಕೆಂದಿಲ್ಲ, ಹಿರಿಯರ ಮಾತು, ನೆಲದ ಮೇಲಿನ ಹಳೆಯ ಗುರುತು ಕೂಡ ಸಾಕ್ಷಿ. ಇದನ್ನು ಕ್ಲಾಸಿನಲ್ಲಿ ಕಲಿತೆ ಎಂದರೆ ನಮ್ಮ ಸರ್ ಖುಷಿಪಡುತ್ತಾರೆ. ವಕೀಲರು ಅಪ್ಪನಿಗೆ ಹೇಳುವಾಗ ಬಾಗಿಲ ಹಿಂದೆ ನಿಂತು ಕೇಳಿದ್ದು.

ವಿಚಾರಣೆಯ ಅಧಿಕಾರಿ ಮೇಡಂ ಬರುತ್ತಾರೆಂದು ತಿಳಿದದ್ದೇ ತಡ, ನಮ್ಮವರು ಏನು ಮಾಡಿದರು? ನೆಂಟರು ಬಂದಾಗ ಮಾಡುವುದನ್ನೇ ಮಾಡಿದರು! ಗೋಡೆಗೆಲ್ಲ ಹೊಸ ಸುಣ್ಣ. ಮಸಿ ಹಿಡಿದ ಒಲೆ ಕಿತ್ತು ಹೊಸ ಒಲೆ. ಪಾಚಿಗಟ್ಟಿದ ಕಲ್ಲುಕಟ್ಟೆ ಉಜ್ಜಿ ಉಜ್ಜಿ ಫಳಫಳ. ವಕೀಲರು ನೋಡಿ ತಲೆ ಮೇಲೆ ಕೈ ಹೊತ್ತು ಕೂತರು.

"ಅಯ್ಯೋ, ಸಾಕ್ಷಿನೆಲ್ಲ ತೊಳೆದುಬಿಟ್ರಲ್ರೀ!"

"ಮತ್ತೆ ಆ ಗಲೀಜಲ್ಲಿ ಅವರನ್ನ ಹೇಗ್ರೀ ಕೂರ್ಸೋದು?" ಎಂದರು ಅಪ್ಪ.

ಮೇಡಂ ಬಂದರು. ಸುತ್ತ ನೋಡಿದರು. "ಎಲ್ಲಾ ಹೊಸದಾಗಿದೆಯಲ್ಲ, ಯಾವಾಗ ಬಂದ್ರಿ ಇಲ್ಲಿಗೆ?" ಎಂದರು. ರಜೆಗೆಂದು ಊರಿಗೆ ಹೋಗಿದ್ದ ನಾನು ಸುಣ್ಣದ ಬಕೆಟ್ಟನ್ನು ಮೆಲ್ಲಗೆ ಬಾಗಿಲ ಹಿಂದೆ ಸರಿಸಿದೆ. ಅಜ್ಜಿಗೆ ಮಾತ್ರ ಬಂದವರ ಊಟದ ಚಿಂತೆ. ಒನಕೆ ಎತ್ತಿಕೊಂಡು ಹಿತ್ತಲಿನ ಬಂಡೆಯತ್ತ ನಡೆದಳು. ಮೇಡಂ ಹಿಂದೆಯೇ ಹೋದರು.

ಬಂಡೆಯಲ್ಲಿ ಸಾಲಾಗಿ ಒರಳುಗಳು, ಕಾಳು ಕುಟ್ಟಿ ಕುಟ್ಟಿ ಸವೆದ ಕುಳಿಗಳು. ಒರಳು ಮೊಣಕೈ ಮುಳುಗುವಷ್ಟು ಆಳವಾದರೆ ತಳದ ಕಾಳು ಬಾಚಲು ಆಗುವುದಿಲ್ಲ. ಆಗ ಮನೆಯ ಸೊಸೆ ಪಕ್ಕದಲ್ಲಿ ಹೊಸದನ್ನು ಶುರು ಮಾಡುತ್ತಾಳೆ. ಅದು ನಮ್ಮಲ್ಲಿನ ರೂಢಿ.

"ಇಷ್ಟೊಂದು ಯಾಕಜ್ಜಿ?" ಎಂದರು ಮೇಡಂ.

"ಇದು ನಂದು. ಅದು ನಮ್ಮತ್ತೇದು. ಅದರಾಚೆ ಅವರತ್ತೇದು, ಬಾಯಿ ಜೋರಂತೆ, ನೋಡು ಒರಳೂ ಎಷ್ಟಗಲ! ಆಚೇವೆಲ್ಲ ಯಾರ್ಯಾರದೋ, ನಾನು ನೋಡಿಲ್ಲಮ್ಮ."

ಮೇಡಂ ತುದಿಯ ಒರಳಿಗೆ ಕೈ ಇಳಿಸಿದರು. ಬಳೆಯ ಸಮೇತ ಮೊಣಕೈವರೆಗೂ ಮುಳುಗಿತು. ತಿರುಗಿ ಅಪ್ಪನನ್ನು ಕೇಳಿದರು, "ಇದಕ್ಕೆ ಸುಣ್ಣ ಹೊಡೆಯೋದು ಮರೆತ್ರಾ?"

"ಸುಣ್ಣ ಖಾಲಿಯಾಯ್ತು ಮೇಡಂ!"

ಅಜ್ಜಿಯ ಮಾತು, ಬಂಡೆಯ ಗುರುತು, ಎರಡೂ ದಾಖಲಾದವು. ತೀರ್ಪು ನಮ್ಮ ಕಡೆಗಾಯಿತು. ನಾವು ಅಲ್ಲೇ ಇರುತ್ತೇವೆ. ಅಲ್ಲೇ ಇರುತ್ತೇವೆ! ಕ್ಷಮಿಸಿ, ಎರಡು ಸಲ ಹೇಳಬೇಕೆಂದು ಬರೆದುಕೊಂಡಿರಲಿಲ್ಲ.

ನಾನು ಚಿಕ್ಕಂದಿನಿಂದ ಹಾಸ್ಟೆಲ್‌ನಲ್ಲಿ ಬೆಳೆದವಳು. ಮಂಚ, ಟ್ರಂಕು, ತಟ್ಟೆ, ಎಲ್ಲಕ್ಕೂ ನಂಬರು. ಪ್ರತಿ ವರ್ಷ ರೂಮು ಬದಲು. ಹಾಗಿರುವಾಗ ಅಜ್ಜಿ ಅಷ್ಟು ಸಲೀಸಾಗಿ "ಇದು ನಂದು" ಎಂದಾಗ ನನಗೆ... ಇರಲಿ. ಪರಿಚಯ ಅಜ್ಜಿಯದು, ನನ್ನದಲ್ಲ.

ನೋಟಿಸ್ ಬಂದ ಮೇಲೆ, ಅಜ್ಜಿಯ ಒರಳು ಮೊಣಕೈ ದಾಟಿದ್ದರೂ ಅಮ್ಮ ಹೊಸದಕ್ಕೆ ಕೈ ಹಾಕಿರಲಿಲ್ಲ. ಬಿಟ್ಟು ಹೋಗುವ ಬಂಡೆಯನ್ನು ಯಾರು ಕುಟ್ಟುತ್ತಾರೆ? ತೀರ್ಪು ಬಂದ ಮರುದಿನ ಬೆಳಿಗ್ಗೆ ಹಿತ್ತಲಿನಲ್ಲಿ ಠಕ್ ಠಕ್ ಸದ್ದು. ಅಮ್ಮ ಶುರು ಮಾಡಿದ್ದರು.

ಅಪ್ಪ ಖಾಲಿಯಾಯ್ತೆಂದ ಸುಣ್ಣ ಅಜ್ಜಿಯ ಹತ್ತಿರ ಚೂರು ಉಳಿದಿತ್ತು. ಬೆರಳಲ್ಲಿ ಅದ್ದಿ, ಅಮ್ಮನ ಒರಳಿನ ಪಕ್ಕ ಇನ್ನೊಂದು ಸುತ್ತು ಬರೆದಳು.

"ಯಾರಿಗಜ್ಜಿ? ಇನ್ನೂ ಸೊಸೆ ಬಂದಿಲ್ವಲ್ಲ!"

"ನಿಂಗೇ ಕಣೆ. ಲಾಯರಾದ್ರೆ ಏನಂತೆ, ರಜಕ್ಕೆ ಬಂದಾಗ ಕುಟ್ಟು. ನಾಳೆ ಯಾರಾದ್ರೂ ಬಂದು ಕೇಳಿದ್ರೆ ತೋರಿಸೋಕೆ ನಿಂಗೂ ಒಂದು ಬೇಡ್ವಾ?"

ಅಜ್ಜಿ, ಏಳು, ವೇದಿಕೆಗೆ ಬಾ. ಹಾರ ಹಾಕಿಸಿಕೋ. ಈ ರಜೆಗೆ ನನ್ನದನ್ನು ಶುರು ಮಾಡುತ್ತೇನೆ. ನೋಡಿ, ಮೈಕು ಈಗ ಕಿರುಚುತ್ತಿಲ್ಲ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಧನ್ಯವಾದ, ನಮ್ಮ ಅಂಗಳದವರೆಗೆ ನಡೆದು ಬಂದ ಕಾನೂನಿಗೂ ಧನ್ಯವಾದ. ನಮಸ್ಕಾರ.