ಹಾರ್ನಣ್ಣನಿಗೆ ಸಿಗದ ಹಾಸಿಗೆ

ಮುಂದಿನ ಸಾಲಿನಲ್ಲಿ ಕೂತಿರುವ ಹಾರ್ನಣ್ಣನ ಹೆಂಡತಿ, ನಮ್ಮ ಅತ್ತಿಗೆಗೆ, ಅವರ ಮಗಳಿಗೆ, ವೇದಿಕೆಯ ಮೇಲಿರುವ ಹಿರಿಯರಿಗೆ, ಗೋಡೆಗೆ ಒರಗಿ ನಿಂತಿರುವ ನಮ್ಮ ಡ್ರೈವರ್‌ಗಳಿಗೆ, ಆಯಾಗಳಿಗೆ, ಸಿಸ್ಟರ್‌ಗಳಿಗೆ — ಎಲ್ಲರಿಗೂ ನಮಸ್ಕಾರ.

ನಾನು ಭಾಷಣ ಮಾಡಿದವನಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು ಸ್ಟೇರಿಂಗ್ ಹಿಡಿದವನು. ನಮ್ಮ ಆಸ್ಪತ್ರೆಯ ಆಂಬುಲೆನ್ಸನ್ನು ಹಾರ್ನಣ್ಣ ಒಂದು ಪಾಳಿ ಓಡಿಸುತ್ತಿದ್ದರು, ನಾನು ಇನ್ನೊಂದು ಪಾಳಿ. ಸೈರನ್ ಕೆಟ್ಟು ಎಷ್ಟೋ ಕಾಲವಾದರೂ ಯಾರೂ ರಿಪೇರಿ ಮಾಡಿಸಲಿಲ್ಲ. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ — ಹೀಗೆ — "ದಾರಿ ಬಿಡ್ರಪ್ಪೋ, ಒಳಗೆ ಜೀವ ಇದೆ!" ಎಂದು ಕೂಗುತ್ತಿದ್ದರು. ಆ ಹೆಸರು ಬಂದದ್ದೇ ಹಾಗೆ. ನಗಿ ಅತ್ತಿಗೆ, ಪರವಾಗಿಲ್ಲ.

ನನಗಿಂತ ಮುಂಚೆ ಮಾತಾಡಿದವರೆಲ್ಲ ಒಂದೇ ಮಾತು ಹೇಳಿದರು — ನಮ್ಮ ಭಾಗಕ್ಕೆ ವೈದ್ಯಕೀಯ ವಿಶ್ವವಿದ್ಯಾಲಯ ಬರಬೇಕು, ಡಾಕ್ಟರುಗಳನ್ನು ತಯಾರು ಮಾಡುವ ದೊಡ್ಡ ಆಸ್ಪತ್ರೆ ಬರಬೇಕು, ಅದಕ್ಕೆ ಹಾರ್ನಣ್ಣನ ಹೆಸರಿಡಬೇಕು. ಚಪ್ಪಾಳೆಯೂ ಬಿತ್ತು. ನಾನು ತಟ್ಟಲಿಲ್ಲ. ನನಗೆ ಅನುಮಾನ.

ವಿಶ್ವವಿದ್ಯಾಲಯ ಬೇಡ ಅಂತಲ್ಲ. ಬೇಕು. ತಲೆಗೆ ಪೆಟ್ಟಾದರೆ ನಗರಕ್ಕೆ, ಹೆರಿಗೆ ಕಷ್ಟವಾದರೆ ನಗರಕ್ಕೆ, ಎದೆನೋವು ಬಂದರೆ ನಗರಕ್ಕೆ — ಅರ್ಧ ದಿನದ ದಾರಿ. ಇಲ್ಲಿಗೆ ಬರುವ ಸ್ಪೆಷಲಿಸ್ಟ್‌ಗಳು ಸೂಟ್‌ಕೇಸ್ ಬಿಚ್ಚುವುದರೊಳಗೆ ವರ್ಗ ಮಾಡಿಸಿಕೊಳ್ಳುತ್ತಾರೆ. ನಮ್ಮ ಮಕ್ಕಳು ಇಲ್ಲೇ ಓದಿ ಇಲ್ಲೇ ಡಾಕ್ಟರಾದರೆ ಕೆಲವರಾದರೂ ಉಳಿಯುತ್ತಾರೆ. ಇಷ್ಟು ನನ್ನ ತಲೆಗೂ ಹೋಗುತ್ತದೆ.

ಹಾರ್ನಣ್ಣ ಅದನ್ನು ಬೇಕು ಎಂದದ್ದು ಇನ್ನೊಂದು ಕಾರಣಕ್ಕೆ. ರೋಗಿಯನ್ನು ನಗರಕ್ಕೆ ಒಯ್ದರೆ, ನಮ್ಮ ಸ್ಟ್ರೆಚರ್ ವಾಪಸ್ ಸಿಗುವ ತನಕ ನಾವು ಅಲ್ಲೇ ಕಾಯಬೇಕು. ಹಾಗೆ ಕಾಯುತ್ತಾ ಒಮ್ಮೆ ಅವರು ಒಂದು ಕೋಣೆಯೊಳಗೆ ಇಣುಕಿದ್ದರು. ದೊಡ್ಡ ಡಾಕ್ಟರು, ಚಿಕ್ಕ ಡಾಕ್ಟರು, ವಿದ್ಯಾರ್ಥಿಗಳು ಎಲ್ಲರೂ ಕೂತು, ಹಿಂದಿನ ವಾರ ಅಲ್ಲಿ ತೀರಿಕೊಂಡ ಒಬ್ಬ ಹೆಂಗಸಿನ ಬಗ್ಗೆ ಮಾತಾಡುತ್ತಿದ್ದರಂತೆ. ಒಬ್ಬಳು ವಿದ್ಯಾರ್ಥಿನಿ ಎದ್ದು ನಿಂತು ದೊಡ್ಡ ಡಾಕ್ಟರನ್ನೇ ಕೇಳಿದಳಂತೆ — "ಸಾರ್, ನೀವ್ಯಾಕೆ ಲೇಟಾಗಿ ಬಂದ್ರಿ?"

ಹಾರ್ನಣ್ಣ ಊರಿಗೆ ಬಂದವರೇ ನನ್ನ ಭುಜ ಹಿಡಿದು ಅಲ್ಲಾಡಿಸಿದರು. "ಲೋ, ಅವಳಿಗೆ ಬೈತಾರೆ ಅಂದ್ಕೊಂಡೆ ಕಣೋ. ಬೈಲಿಲ್ಲ. ಉತ್ತರ ಕೊಟ್ರು! ನಮ್ಮಲ್ಲಿ ಸತ್ರೆ ಬಾಡಿ ಸಾಗಿಸ್ತೀವಿ, ಮುಗೀತು. ಅಲ್ಲಿ ಸತ್ತ ಮೇಲೂ ಬಿಡಲ್ಲ, ಯಾಕೆ ಸತ್ತರು ಅಂತ ಕೇಳ್ತಾರೆ. ಅಂಥದ್ದೊಂದು ನಮಗೆ ಬೇಕು ಕಣೋ."

ಸರಿ. ಈಗ ಅವರು ತೀರಿಕೊಂಡ ದಿನದ ಮಾತು.

ಅವತ್ತು ತಪಾಸಣೆ ತಂಡ ಬರುವುದಿತ್ತು. ನಮ್ಮಿಬ್ಬರನ್ನೂ ಡ್ಯೂಟಿಗೆ ಕರೆದಿದ್ದರು. ನಮ್ಮದು ಕಲಿಸುವ ಆಸ್ಪತ್ರೆಯಾಗಲು ಅನುಮತಿ ಸಿಗಬೇಕಾದರೆ ಹಾಸಿಗೆಗಳಲ್ಲಿ ರೋಗಿಗಳು ತುಂಬಿರಬೇಕಂತೆ. ನಮ್ಮಲ್ಲಿ ರೋಗಿಗಳೆಲ್ಲಿ? ಎಲ್ಲರನ್ನೂ ನಗರಕ್ಕೆ ಕಳಿಸಿರುತ್ತೇವಲ್ಲ! ಬೆಳಿಗ್ಗೆ ಒಂದು ಬಸ್ ಬಂತು. ಗಟ್ಟಿಮುಟ್ಟಾದ ಗಂಡಸರು ಇಳಿದರು, ಹಾಸಿಗೆ ಹತ್ತಿದರು, ಹೊದ್ದು ಮಲಗಿದರು. ಒಬ್ಬನ ಕೈಗೆ ಬ್ಯಾಂಡೇಜ್ ಸುತ್ತಿದ್ದರು. "ಏನಪ್ಪಾ ಕಾಯಿಲೆ?" ಎಂದೆ. "ಇನ್ನೂ ಹೇಳಿಲ್ಲ ಅಣ್ಣಾ" ಎಂದ.

ಹಾರ್ನಣ್ಣನೂ ನಾನೂ ಬಿದ್ದು ಬಿದ್ದು ನಕ್ಕೆವು.

ಮಧ್ಯಾಹ್ನ ಅವರು ಎದೆ ಹಿಡಿದುಕೊಂಡು — ಹೀಗೆ — ಅದೇ ವಾರ್ಡಿನ ಬಾಗಿಲಲ್ಲಿ ಕುಸಿದರು. ಒಂದು ಹಾಸಿಗೆಯೂ ಖಾಲಿ ಇಲ್ಲ. ನಾನು ಆ ಬ್ಯಾಂಡೇಜಿನವನನ್ನು ಎಬ್ಬಿಸಲು ಹೋದೆ. ಹಾರ್ನಣ್ಣ ನನ್ನ ಅಂಗಿ ಜಗ್ಗಿದರು. "ಎಬ್ಬಿಸ್ಬೇಡ್ವೋ... ತಪಾಸಣೆಯವರು ನೋಡ್ಕೊಂಡು ಹೋಗ್ಲಿ. ಪರ್ಮಿಷನ್ ಸಿಗ್ಲಿ." ಹಿಂದಿನಿಂದ ಯಾರೋ ಹೇಳಿದರು — "ನಗರಕ್ಕೆ ಸಾಗಿಸಿ." ಸಾಗಿಸಿದೆ. ಅರ್ಧ ದಾರಿಯಲ್ಲಿ ಹೋಗಿಬಿಟ್ಟರು.

ವಿಶ್ವವಿದ್ಯಾಲಯ ಹೋರಾಟ ಸಮಿತಿಯ ಅಧ್ಯಕ್ಷರು ಈಗಷ್ಟೇ ಇದನ್ನು ತ್ಯಾಗ ಎಂದರು. ಆಸ್ಪತ್ರೆಯ ಮುಖ್ಯಸ್ಥರು, ಸಕಾಲಕ್ಕೆ ಎಲ್ಲ ಚಿಕಿತ್ಸೆ ಕೊಟ್ಟೆವು ಎಂದರು. ಚಿಕಿತ್ಸೆ ಕೊಟ್ಟಿದ್ದರೆ ತ್ಯಾಗ ಎಲ್ಲಿಂದ ಬಂತು? ತ್ಯಾಗ ನಿಜವಾದರೆ ಚಿಕಿತ್ಸೆ ಎಲ್ಲಿ ಹೋಯಿತು? ಅಕ್ಕಪಕ್ಕವೇ ಕೂತಿದ್ದೀರಿ, ಮೊದಲೇ ಮಾತಾಡಿಕೊಳ್ಳಬಾರದಿತ್ತೇ?

— ಚೀಟಿ ಕಳಿಸಬೇಡಿ ಸಾರ್. ಸಮಯ ಆಯಿತು ಅಂತ ತಾನೇ? ಓದದೆಯೇ ಗೊತ್ತಾಗುತ್ತದೆ.

ಹಾಸಿಗೆ ಸಿಕ್ಕಿದ್ದರೆ ಅವರು ಬದುಕುತ್ತಿದ್ದರೇ? ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಲಾರೆ. ಮೊನ್ನೆ ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದ್ದೂ ಇದನ್ನೇ. "ಉಳೀತಿದ್ರೇನೋ ತಮ್ಮಾ? ಸಮಾಧಾನಕ್ಕೆ ಹೇಳ್ಬೇಡ. ನಿಜ ಹೇಳು." ಹೇಳಬಲ್ಲವರು ಇಲ್ಲಿ ವೇದಿಕೆಯ ಮೇಲಿದ್ದಾರೆ. ಅತ್ತಿಗೆಯ ಮನೆ ಕಡೆಗೆ ಒಬ್ಬರೂ ಹೋಗಿಲ್ಲ. ಅವರ ಮುಖದ ಮುಂದೆ ಹಾರ್ನಣ್ಣನ ಹೆಸರಿನ ಬೋರ್ಡು ಹಿಡಿಯಲು ಮಾತ್ರ ಎಲ್ಲರೂ ಬಂದಿದ್ದಾರೆ.

ನನ್ನ ಅನುಮಾನ ಇಷ್ಟೇ. ಇಲ್ಲಿ ಒಂದು ಸಾವಿನ ಬಗ್ಗೆ ಕೇಳಿಸಿಕೊಳ್ಳಲು ಹೆದರುವವರು, ಅಲ್ಲಿ ಮಕ್ಕಳಿಗೆ ಏನು ಕಲಿಸುತ್ತೀರಿ? ವಿಶ್ವವಿದ್ಯಾಲಯ ಬರಲಿ. ಅದರ ಮೊದಲ ಪಾಠ ಇವತ್ತೇ, ಇದೇ ಹಾಲ್‌ನಲ್ಲಿ ಆಗಲಿ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಹಾರ್ನಣ್ಣನಿಗಾಗಿ ಒಂದು ನಿಮಿಷ ಸುಮ್ಮನಿರೋಣ. ನಿಮಿಷ ಮುಗಿದ ಮೇಲೆ ಉಳಿದವರು ಕೂರಬಹುದು. ಮುಖ್ಯಸ್ಥರೇ, ನೀವು ಮಾತ್ರ ಕೂರಬೇಡಿ — ಮೈಕ್ ನಿಮ್ಮ ಕೈಗೆ ಕೊಡುತ್ತೇನೆ. ನನಗೆ ಹೇಳಬೇಕಾಗಿಲ್ಲ ಸಾರ್. ಅತ್ತಿಗೆಗೆ ಹೇಳಿ.