ಫೋಟೋಗೆಂದು ಬಿಚ್ಚಿಸಿದ ಜರ್ಸಿ

ಏಪ್ರಿಲ್ ಮಳೆ ಹಿಡಿದು ಕರೆಂಟು ಹೋಯಿತೆಂದರೆ ನೈರೋಬಿಯ ನ್ಗಾರಾದ ನಮ್ಮ ಕಟ್ಟಡದವರು ಸಂಜೆ ಕೂಡುವುದು ಕಾರ್ಮಿನ್ ಬಾಯಿಯ ಮನೆಯಲ್ಲಿ. ಅವರದು ಗ್ಯಾಸಿನ ಒಲೆ, ಚಹಾಕ್ಕೆ ತೊಂದರೆಯಿಲ್ಲ. ಎಂಬತ್ತಾರು ವರ್ಷದ ಹೆಂಗಸು. ಮಂಗಳೂರು ಕಡೆಯ ಕ್ರಿಶ್ಚಿಯನ್ ಮನೆತನ, ಹುಟ್ಟಿ ಬೆಳೆದದ್ದೆಲ್ಲ ಈ ಊರಿನಲ್ಲೇ. ಆ ದಿನ ಅಲ್ಲಿದ್ದದ್ದು ನಾನು, ಕೆಳಮನೆಯ ವಿಮಲಾ, ಮತ್ತೆ ಮಳೆಯಲ್ಲೇ ಹೈರಿಡ್ಜ್ ಬಡಾವಣೆಯಿಂದ ಬಂದಿದ್ದ ಧನಂಜಯ. ಅವನು ಇಲ್ಲಿಯ ಭಾರತೀಯರ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ, ಗೋಲ್‌ಕೀಪರನೂ ಹೌದು. ಕ್ಲಬ್ಬು ೧೯೨೪ರಲ್ಲಿ ಲೀಗ್ ಗೆದ್ದು ಈಗ ನೂರು ವರ್ಷವಂತೆ. ಆಗಿನ ಗೋಲ್‌ಕೀಪರನ ಉಣ್ಣೆಯ ಜರ್ಸಿ ಬಾಯಿಯ ಬಳಿ ಇದೆಯೆಂದು ತಿಳಿದು, ಅದನ್ನು ತಾನು ತೊಟ್ಟು, ಭಾನುವಾರ ಆಗಿನ ತಂಡದ ಹಳೆಯ ಫೋಟೋದಂತೆಯೇ ಇನ್ನೊಂದು ತೆಗೆಸುವ ಆಸೆ ಅವನಿಗೆ.

“ನಿಮ್ಮ ಫಾದರ್ ನಮ್ಮ ಲೆಜೆಂಡ್ ಅಲ್ವಾ ಬಾಯಿ, ಕ್ಲಬ್ಬಿನ ಬೋರ್ಡಲ್ಲಿ ಗೋಲ್‌ಕೀಪರ್ ಅಂತ ಅವರ ಹೆಸರೇ ಇರೋದು,” ಎಂದ.

ಬಾಯಿ ಕೆಟಲನ್ನು ಕೆಳಗಿಟ್ಟರು.

“ಬೋರ್ಡಿಗೆ ಬೆಂಕಿ ಹಾಕು. ಕೂತುಕೊ. ಪೂರಾ ಕೇಳು, ಆಮೇಲೆ ಜರ್ಸಿ ಬೇಕಾ ಹೇಳು.

“ಆ ವರ್ಷ ಕ್ಲಬ್ಬಿನಲ್ಲಿ ಇದ್ದವರೆಲ್ಲ ಗುಮಾಸ್ತರು... ತಲೆಗೆ ಎಣ್ಣೆ, ಕಿಸೆಗೆ ಪೆನ್ನು, ಚೆಂಡು ಮುಖಕ್ಕೆ ಬಂದರೆ ಕಣ್ಣು ಮುಚ್ಚುವವರು. ಗೋಲಿನಲ್ಲಿ ನಿಲ್ಲುವ ಧೈರ್ಯ ಇದ್ದದ್ದು ಯಾರಿಗೆ? ಕ್ಲಬ್ಬಿನ ಅಡುಗೆಯವನಿಗೆ. ರುಡಾಲ್ಫ್ ಅಂತ, ಕಿನ್ನಿಗೋಳಿಯವ, ಇಪ್ಪತ್ತೆರಡು ವರ್ಷ. ಬೆಳಿಗ್ಗೆ ಇವರಿಗೆ ಮೀನು ಹುರಿಯುದು, ಮಧ್ಯಾಹ್ನ ಬರಿಗಾಲಲ್ಲಿ ಇವರ ಗೋಲು ಕಾಯುದು, ಸಂಜೆ ಇವರ ಎಂಜಲು ತಟ್ಟೆ ತೊಳೆಯುದು. ಇಡೀ ವರ್ಷಕ್ಕೆ ಅವ ಬಿಟ್ಟದ್ದು ಮೂರೇ ಗೋಲು, ಗೊತ್ತುಂಟಾ? ಆಡಲಿಕ್ಕೆ ಅಡ್ಡಿಯಿಲ್ಲ... ಮೆಂಬರ್ ಆಗಲಿಕ್ಕಿಲ್ಲ. ಮೆಂಬರ್ ಅಲ್ಲದವ ಮುಂದಿನ ಬಾಗಿಲಿನಿಂದ ಬರುವ ಹಾಗಿಲ್ಲ, ಫೋಟೋದಲ್ಲಿ ಕೂರುವ ಹಾಗಿಲ್ಲ. ಬಿಳಿಯರು ನಮ್ಮನ್ನು ಅವರ ಕ್ಲಬ್ಬಿಗೆ ಬಿಡುದಿಲ್ಲ ಅಂತ ಅರ್ಜಿ ಮೇಲೆ ಅರ್ಜಿ ಬರೆದವರೇ ಈ ನಿಯಮವನ್ನೂ ಬರೆದದ್ದು, ಅದೇ ಪೆನ್ನಿನಲ್ಲಿ.

“ಕೊನೆಯ ಆಟ ಸಿಪಾಯಿಗಳ ತಂಡದ ಮೇಲೆ. ನಮ್ಮವರು ಒಂದು ಗೋಲು ಮುಂದೆ. ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಒಬ್ಬ ದಾಂಡಿಗ ಸಿಪಾಯಿ ಚೆಂಡು ತಳ್ಳಿಕೊಂಡು ಬಂದ, ರುಡಾಲ್ಫ್ ಅವನ ಕಾಲಿಗೇ ಹಾರಿ ಚೆಂಡು ಅಪ್ಪಿಕೊಂಡ... ಬೂಟು ಪಕ್ಕೆಗೆ ಬಿತ್ತು. ಚೆಂಡು ಬಿಟ್ಟನಾ? ಬಿಡಲಿಲ್ಲ. ಸೀಟಿ ಊದಿದರು, ಗೆದ್ದರು, ಕುಣಿದರು. ಇವ ಗೋಲಿನ ಕಂಬಕ್ಕೆ ಒರಗಿ ಕೂತವ ಏಳಲಿಲ್ಲ. ಫೋಟೋದವ ಬೆಳಕು ಹೋಗ್ತದೆ ಅಂತ ಅವಸರ ಮಾಡ್ತಿದ್ದ. ಗೋಲ್‌ಕೀಪರ್ ಇಲ್ಲದೆ ತಂಡದ ಫೋಟೋ ಹೇಗೆ? ಕ್ಯಾಪ್ಟನ್ ಹೋಗಿ ಹೇಳಿದ, ‘ಜರ್ಸಿ ಬಿಚ್ಚು ಮಾರಾಯ, ಫೋಟೋ ಆದ ಕೂಡಲೇ ಕೊಡ್ತೇವೆ.’ ಅವನಿಗೆ ಕೈ ಎತ್ತಲಿಕ್ಕೆ ಆಗ್ತಿರಲಿಲ್ಲ. ಇಬ್ಬರು ಹಿಡಿದು ಎಳೆದು ಬಿಚ್ಚಿದರು, ಮೊಲದ ಚರ್ಮ ಸುಲಿದ ಹಾಗೆ. ಹಾಕಿಕೊಂಡದ್ದು ಯಾರು? ಒಂದು ಆಟವೂ ಆಡದ ನನ್ನ ಅಪ್ಪ. ಜರ್ಸಿ ಇನ್ನೂ ಬೆಚ್ಚಗಿತ್ತಂತೆ.”

“ಆಗಿನ ಕಾಲ ಹಾಗಿತ್ತು ಬಾಯಿ,” ಎಂದ ಧನಂಜಯ.

“ಬಿಚ್ಚಿದ್ದು ಕಾಲವಾ? ಕೈಗಳು. ಸುಮ್ಮನೆ ಕೇಳು. ಹೂಮಾಲೆ ಆಯ್ತು, ಭಾಷಣ ಆಯ್ತು, ಕ್ಲಬ್ಬಿಗೆ ಹೋಗಿ ಮೇಜಿಗೆ ಕೂತರು... ಊಟ ಬರಲಿಲ್ಲ. ‘ರುಡಾಲ್ಫ್, ಎಂತ ಮಾಡ್ತಿ ಒಳಗೆ?’ ಅಂತ ಕ್ಯಾಪ್ಟನ್ ಕೂಗಿದ. ಹಸಿವಾದಾಗ ನೆನಪಾಯ್ತು ನೋಡು, ಗೆದ್ದಾಗ ಆಗಲಿಲ್ಲ. ಲಾಟೀನು ಹಿಡಿದು ಮೈದಾನಕ್ಕೆ ಓಡಿದರು. ಅದೇ ಕಂಬ, ಬರಿಮೈ, ಮೈಯೆಲ್ಲ ತಣ್ಣಗೆ. ಕಣ್ಣು ತೆರೆದೇ ಇತ್ತು, ಕ್ಯಾಮರಾ ಇಟ್ಟಿದ್ದ ಕಡೆಗೆ.”

ತಗಡಿನ ಮಾಡಿನ ಮೇಲೆ ಮಳೆ ಜೋರಾಯಿತು. ಕಾರ್ಮಿನ್ ಬಾಯಿ ದನಿ ಏರಿಸಲಿಲ್ಲ. ನಾವೇ ಕುರ್ಚಿ ಹತ್ತಿರ ಎಳೆದುಕೊಂಡೆವು.

“ರುಡಾಲ್ಫನನ್ನು ಮಣ್ಣು ಮಾಡಿ ಎಂಟನೆಯ ದಿನ ಸಂಜೆ ಅಪ್ಪನ ಅಡುಗೆಕೋಣೆಯ ಬಾಗಿಲು ಯಾರೋ ತಟ್ಟಿದರು. ತೆಗೆದರೆ ಇವ ನಿಂತಿದ್ದಾನೆ... ಬರಿಮೈ, ಒಂದು ಕೈ ಪಕ್ಕೆಯ ಮೇಲೆ. ಸಿಟ್ಟಿಲ್ಲ, ಕೂಗಾಟ ಇಲ್ಲ. ‘ಧನಿಗಳೇ, ಫೋಟೋ ಆಯ್ತಾ?’ ಅಂತ ಕೇಳಿದ, ಅಷ್ಟೇ. ಅಪ್ಪ ಹೆದರಿ ‘ಇನ್ನೂ ಇಲ್ಲ’ ಅಂದ. ಹೋದ. ಮತ್ತೆ ಬಂದ. ಜರ್ಸಿ ಮೆಟ್ಟಿಲಲ್ಲಿ ಇಟ್ಟು ನೋಡಿದರೆ ಮುಟ್ಟುದಿಲ್ಲ, ಮಾತಿನ ಮನುಷ್ಯ, ಫೋಟೋ ಆಗದೆ ತಕೊಳ್ಳುದು ಹೇಗೆ? ಕೊನೆಗೆ ಒಂದು ದಿನ ಅಪ್ಪ ತಡೆಯಲಾರದೆ ‘ಆಯ್ತು, ತಕೊ’ ಅಂದ. ‘ತೋರಿಸಿ’ ಅಂದ ಇವ. ಅಪ್ಪ ಫೋಟೋ ತಂದು ಹಿಡಿದ. ಒಂದೊಂದೇ ಮುಖದ ಮೇಲೆ ಬೆರಳಿಟ್ಟು ನೋಡಿದ, ಹನ್ನೊಂದನ್ನೂ ನೋಡಿದ, ಜರ್ಸಿ ಹಾಕಿದವನ ಮೇಲೆ ನಿಲ್ಲಿಸಿದ. ‘ಇದರಲ್ಲಿ ನಾನೆಲ್ಲಿ?’ ಅಂದ, ಜರ್ಸಿ ಮುಟ್ಟದೆ ಹೋದ... ಅವತ್ತಿನಿಂದ ಸಾಯುವವರೆಗೆ ಅಪ್ಪನಿಗೆ ಪೂರ್ತಿ ಉಸಿರು ಎಳೆಯಲಿಕ್ಕೆ ಆಗಲಿಲ್ಲ. ಪಕ್ಕೆ ಸರಿ ಉಂಟು ಅಂತ ಡಾಕ್ಟರುಗಳು ಹೇಳ್ತಿದ್ದರು.

“ಅಪ್ಪ ಹೋದ ಮೇಲೆ ಅವ ನನ್ನ ಹತ್ತಿರ ಬಂದ, ಅದೇ ‘ಫೋಟೋ ಆಯ್ತಾ?’ ಕೇಳಿಕೊಂಡು. ಅಪ್ಪನ ಹೆಸರು ಕೆರೆದು ತೆಗೆದು ಅವನ ಹೆಸರು ಬರೆಯಿರಿ ಅಂತ ನಿಮ್ಮ ಕ್ಲಬ್ಬಿಗೆ ಐದು ಕಾಗದ ಹಾಕಿದೆ. ಮಗಳೇ ಹೇಳುವಾಗ ಇನ್ನೆಂತ ಸಾಕ್ಷಿ ಬೇಕು? ದಾಖಲೆ ಬದಲಿಸುವ ಪದ್ಧತಿ ಇಲ್ಲ ಅಂತ ಉತ್ತರ ಬಂತು. ಈಗ ನೀನೇ ಕಾರ್ಯದರ್ಶಿ. ಈ ಸಲ ಬರೆಸ್ತಿಯಾ?”

ಧನಂಜಯ ಲೋಟದ ಚಹಾ ಮುಗಿಸಿದ. “ಪ್ರೂಫ್ ಇಲ್ದೆ ಕಮಿಟಿ ಒಪ್ಪಲ್ಲ ಬಾಯಿ. ಬೋರ್ಡ್‌ಗೆ ಆಗ್ಲೇ ಗೋಲ್ಡ್ ಪೇಂಟೂ ಆಗೋಗಿದೆ.”

ಬಾಯಿ ಎದ್ದು ಒಳಗೆ ಹೋದರು. ಹಸಿರು ಜರ್ಸಿಯೊಂದನ್ನು ತಂದು ಅವನ ತೊಡೆಯ ಮೇಲೆ ಹಾಕಿದರು.

“ಹಾಗಾದರೆ ತಕೊಂಡು ಹೋಗು. ಅರವತ್ತಮೂರು ವರ್ಷ ‘ಇನ್ನೂ ಇಲ್ಲ ಮಗಾ’ ಅಂತ ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು. ಮೊನ್ನೆ ಮಂಗಳವಾರ ಸಹ ಹೇಳಿದೆ. ಇದು ಯಾರ ಮನೆಯಲ್ಲಿ ಉಂಟೋ ಅವರನ್ನೇ ಅವ ಕೇಳುದು. ಭಾನುವಾರ ಸಂಜೆ ನಿನ್ನಲ್ಲಿಗೆ ಬರ್ತಾನೆ... ಇಲ್ಲ ಅನ್ನಲಿಕ್ಕೆ ನಿನಗೆ ಆಗುದಿಲ್ಲ, ಫೋಟೋ ಆಗಿರ್ತದೆ. ಹೌದು ಅಂದರೆ ತೋರಿಸು ಅಂತಾನೆ. ತೋರಿಸು. ಹೆದರಬೇಡ ಮಾರಾಯ, ಅರ್ಧ ಉಸಿರಿನಲ್ಲಿ ಸಹ ಮನುಷ್ಯ ತುಂಬಾ ವರ್ಷ ಬದುಕ್ತಾನೆ... ನನ್ನ ಅಪ್ಪ ಬದುಕಲಿಲ್ವಾ?”